ಕಮಾಂಡ್ ಪ್ರಾಂಪ್ಟೂ ಡ್ರೈವುಗಳ ಪಾಲನೆಯೂ

ಗಣಕಯಂತ್ರವನ್ನು ಮುಟ್ಟದೆ ಪದವಿ ಮುಗಿಸುವ ವಿದ್ಯಾರ್ಥಿ ಇಂದು ಕಲಾ ವಿಭಾಗದಲ್ಲಿಯೂ ಇಲ್ಲ. ಇತಿಹಾಸದ ಪ್ರಬಂಧವಾಗಲಿ, ಅರ್ಥಶಾಸ್ತ್ರದ ಕೋಷ್ಟಕಗಳಾಗಲಿ, ಕನ್ನಡ ಐಚ್ಛಿಕದವರು ಹಳ್ಳಿ ಹಳ್ಳಿ ತಿರುಗಿ ಧ್ವನಿಮುದ್ರಿಸಿಕೊಂಡು ಬಂದ ಹಾಡುಗಳಾಗಲಿ, ಎಲ್ಲವೂ ಕೊನೆಗೆ ಒಂದು ಡ್ರೈವಿನಲ್ಲಿ ಹೋಗಿ ಕೂರಲೇಬೇಕು. ಹೀಗಿದ್ದರೂ ಆ ಡ್ರೈವು ಎಂದರೇನು, ಅದರ ಯೋಗಕ್ಷೇಮವನ್ನು ವಿಚಾರಿಸುವುದು ಹೇಗೆ ಎಂಬ ವಿಷಯದಲ್ಲಿ ನಮಗಿರುವ ಉದಾಸೀನತೆ ಆಶ್ಚರ್ಯಕರವಾದುದು. ಸೈಕಲ್ಲಿನ ಚೈನಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡುವವರೇ ಮೂರು ವರ್ಷದ ಬರೆಹವನ್ನೆಲ್ಲ ಒಂದು ಪೆನ್ ಡ್ರೈವಿಗೆ ಒಪ್ಪಿಸಿ, ಬೀಗದ ಕೈಗಳ ಜೊತೆಗೆ ಅದನ್ನು ಜೇಬಿನಲ್ಲಿ ಕುಣಿಸುತ್ತ ನಡೆಯುವುದನ್ನು ದಿನವೂ ನೋಡುತ್ತೇವೆ.

ವಿಂಡೋಸ್ ವ್ಯವಸ್ಥೆಯುಳ್ಳ ಯಂತ್ರಗಳಲ್ಲಿ ಈ ವಿಚಾರಣೆಗೆ ಇರುವ ನೇರವಾದ ದಾರಿಯೇ ಕಮಾಂಡ್ ಪ್ರಾಂಪ್ಟ್. ಪರದೆಯ ಮೇಲೆ ಚಿತ್ರಗಳಿಲ್ಲದ ಒಂದು ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಒಂದು ಗೆರೆ ಮಿನುಗುತ್ತಿರುತ್ತದೆ. ನಾವು ಅಕ್ಷರಗಳಲ್ಲಿ ಅಪ್ಪಣೆ ಕೊಡಬೇಕು, ಅದು ಅಕ್ಷರಗಳಲ್ಲಿಯೇ ಉತ್ತರ ಹೇಳುತ್ತದೆ. ಇಷ್ಟೇ ಅದರ ಸ್ವರೂಪ. ಇದನ್ನು ಕಂಡರೆ ಕಲಾ ವಿದ್ಯಾರ್ಥಿಗಳು ಹಿಂಜರಿಯುವುದಕ್ಕೆ ಕಾರಣವಿಲ್ಲ. ನಿಜ ಹೇಳಬೇಕಾದರೆ, ವ್ಯಾಕರಣ ಓದಿದವರಿಗೆ ಇದು ಸುಲಭವಾಗಬೇಕು. ಮೊದಲು ಕ್ರಿಯಾಪದ, ಆಮೇಲೆ ಕರ್ಮಪದ, ಕೊನೆಗೆ ಓರೆಗೆರೆಯ ಹಿಂದೆ ಬರುವ ಒಂದೆರಡು ವಿಶೇಷಣಗಳು: ಇದಕ್ಕಿಂತ ಕ್ಲಿಷ್ಟವಾದ ವಾಕ್ಯರಚನೆ ಅಲ್ಲಿ ವಿರಳ.

ನಮ್ಮ ಅಧ್ಯಾಪಕರಲ್ಲಿ ಹಿರಿಯರು ಈ ಕಿಟಕಿಯನ್ನು ಇನ್ನೂ ‘ಡಾಸ್’ ಎಂದೇ ಕರೆಯುತ್ತಾರೆ. ಹೆಸರು ಹಳೆಯ ಸ್ನೇಹದ್ದು, ಆದರೆ ಸರಿಯಾದುದಲ್ಲ. ಐಬಿಎಂ ಕಂಪನಿಯು ೧೯೮೧ರಲ್ಲಿ ತನ್ನ ವೈಯಕ್ತಿಕ ಗಣಕವನ್ನು ಹೊರತಂದಾಗ ಅದರ ಜೊತೆಯಲ್ಲಿ ಬಂದುದು ಡಾಸ್. ಅದರ ಮೂಲರೂಪವನ್ನು ಬರೆದವರು ಟಿಮ್ ಪ್ಯಾಟರ್ಸನ್. ಅದನ್ನು ಕೊಂಡು ಬೆಳೆಸಿದುದು ಮೈಕ್ರೋಸಾಫ್ಟ್. ಆ ಯಂತ್ರದಲ್ಲಿ ಎರಡು ಫ್ಲಾಪಿಗಳಿಗೆ ಸ್ಥಳವಿದ್ದು, ಅವುಗಳಿಗೆ ಎ ಮತ್ತು ಬಿ ಎಂದು ಹೆಸರಾಯಿತು. ೧೯೮೩ರಲ್ಲಿ ೧೦ ಮೆಗಾಬೈಟಿನ ಗಟ್ಟಿ ಡಿಸ್ಕನ್ನು ಒಳಗೆ ಕೂರಿಸಿದ ಯಂತ್ರ ಬಂದಾಗ ಸಹಜವಾಗಿ ಮುಂದಿನ ಅಕ್ಷರವಾದ ಸಿ ಅದಕ್ಕೆ ಸಂದಿತು. ಫ್ಲಾಪಿಗಳು ಮ್ಯೂಸಿಯಮ್ಮಿಗೆ ಹೋದುವು. ಎ, ಬಿ ಎಂಬ ಎರಡು ಕುರ್ಚಿಗಳು ಮಾತ್ರ ಇಂದಿಗೂ ತೆರವಾಗಿಯೇ ಇದ್ದು, ನಮ್ಮ ಮುಖ್ಯ ಡ್ರೈವು ಸಿ ಎಂದೇ ಕರೆಸಿಕೊಳ್ಳುತ್ತಿದೆ. ಇಂದಿನ ಕಪ್ಪು ಕಿಟಕಿಯಾದರೋ ಡಾಸ್ ಅಲ್ಲ. ೧೯೯೩ರಲ್ಲಿ ಬಂದ ವಿಂಡೋಸ್ ಎನ್‌ಟಿ ವಂಶಕ್ಕೆ ಸೇರಿದ ಬೇರೆಯೇ ಒಂದು ಕಾರ್ಯಕ್ರಮ. ಹಳೆಯ ಅಪ್ಪಣೆಗಳ ಭಾಷೆಯನ್ನು ಅದು ಉಳಿಸಿಕೊಂಡಿದೆ, ಅಷ್ಟೆ.

ಅಪ್ಪಣೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕಾದ್ದರಿಂದ, ಮುಂದೆ ಅವುಗಳನ್ನು ಒಂದೊಂದು ಸಾರಿ ಬಿಡಿಸಿ ಹೇಳುತ್ತೇನೆ. ಕಿಟಕಿಯನ್ನು ತೆರೆಯಲು ಸ್ಟಾರ್ಟ್ ಗುಂಡಿಯನ್ನು ಒತ್ತಿ ಸಿ, ಎಂ, ಡಿ ಎಂಬ ಮೂರು ಅಕ್ಷರಗಳನ್ನು ಬರೆದರೆ ಸಾಕು. ಡ್ರೈವಿನ ರಿಪೇರಿಗೆ ಸಂಬಂಧಿಸಿದ ಕೆಲಸಗಳಿಗೆ ಮಾತ್ರ, ಅಲ್ಲಿ ಕಾಣುವ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಆಡಳಿತಾಧಿಕಾರಿಯಾಗಿ ತೆರೆಯುವ ಆಯ್ಕೆಯನ್ನು ಆರಿಸಬೇಕು. ಪ್ರಯೋಗಾಲಯದ ಯಂತ್ರಗಳಲ್ಲಿ ಈ ಅಧಿಕಾರ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ, ಇರಕೂಡದು ಕೂಡ.

ಈಗ ಡ್ರೈವಿನ ವಿಚಾರ. ಡ್ರೈವಿನೊಳಗೆ ಎರಡು ಬಗೆಯ ಸಂಗತಿಗಳಿರುತ್ತವೆ: ನಮ್ಮ ಕಡತಗಳ ಹೂರಣ, ಮತ್ತು ಯಾವ ಕಡತ ಎಲ್ಲೆಲ್ಲಿ ಹರಡಿಕೊಂಡಿದೆ ಎಂಬ ದಾಖಲೆ. ಇದನ್ನು ನಮ್ಮ ಹಳ್ಳಿಯ ಹೊಲಗಳಿಗೂ ಪಹಣಿಗೂ ಹೋಲಿಸಬಹುದು. ಪಹಣಿಯೇ ಹೊಲವಲ್ಲ, ಆದರೆ ಪಹಣಿ ಕೆಟ್ಟರೆ ಹೊಲ ಯಾರದೆಂದು ಹೇಳುವವರಿಲ್ಲ. ವಿಂಡೋಸ್ ತನ್ನ ಮುಖ್ಯ ಡ್ರೈವಿನಲ್ಲಿ ಇಡುವ ಈ ದಾಖಲೆಯ ಪದ್ಧತಿಗೆ ಎನ್‌ಟಿಎಫ್‌ಎಸ್ ಎಂದು ಹೆಸರು. ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾಗಿ ಫ್ಯಾಟ್-೩೨ ಅಥವಾ ಎಕ್ಸ್‌ಫ್ಯಾಟ್ ಎಂಬ ಸರಳ ಪದ್ಧತಿಗಳಿರುತ್ತವೆ. ಫ್ಯಾಟ್-೩೨ರಲ್ಲಿ ೪ ಗಿಗಾಬೈಟನ್ನು ಮುಟ್ಟುವ ಒಂದೇ ಕಡತವನ್ನು ಇಡಲಾಗದು. ವಾರ್ಷಿಕೋತ್ಸವದ ನಾಟಕದ ವಿಡಿಯೋ, ಡ್ರೈವಿನಲ್ಲಿ ಸ್ಥಳವಿದ್ದರೂ, ಪ್ರತಿಯಾಗದೆ ಸತಾಯಿಸುವುದು ಇದರಿಂದಲೇ.

ಕಡತವೊಂದನ್ನು ಅಳಿಸಿದಾಗ ನಡೆಯುವುದೇನು? ಪಹಣಿಯಲ್ಲಿ ಹೆಸರು ಹೊಡೆಯಲಾಗುತ್ತದೆ. ಹೊಲದಲ್ಲಿ ಪೈರು ನಿಂತೇ ಇರುತ್ತದೆ. ಬೇರೊಬ್ಬ ಬಂದು ಉಳುವ ತನಕ ಅದು ಅಲ್ಲಿಯೇ ಉಂಟು. ಆದುದರಿಂದ ತಪ್ಪಿ ಅಳಿಸಿದವರು ಮಾಡಬೇಕಾದ ಮೊದಲನೆಯ ಕೆಲಸವೆಂದರೆ ಆ ಡ್ರೈವಿಗೆ ಹೊಸದಾಗಿ ಏನನ್ನೂ ಬರೆಯದೆ ಇರುವುದು. ಈ ಮಾತು ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ತಟ್ಟೆಯಿಲ್ಲದ ಎಸ್‌ಎಸ್‌ಡಿಗಳಲ್ಲಿ ಹಾಗಲ್ಲ. ಅಲ್ಲಿ ಒಂದು ಕಡತವನ್ನು ಅಳಿಸಿದ ಕೂಡಲೇ ‘ಈ ಜಾಗ ಇನ್ನು ಬೇಕಿಲ್ಲ’ ಎಂದು ವಿಂಡೋಸ್ ಡ್ರೈವಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಡ್ರೈವು ತನಗೆ ಬಿಡುವಾದಾಗ ಆ ಜಾಗವನ್ನು ನಿಜವಾಗಿಯೇ ಒರಸಿಬಿಡುತ್ತದೆ. ಅಂಥ ಪೈರನ್ನು ಯಾವ ತಜ್ಞನೂ ಹಿಂದಕ್ಕೆ ತರಲಾರ. ಹೊಸ ಲ್ಯಾಪ್‌ಟಾಪುಗಳೆಲ್ಲ ಬಹುಮಟ್ಟಿಗೆ ಎಸ್‌ಎಸ್‌ಡಿಯವೇ ಆದ ಈ ಕಾಲದಲ್ಲಿ, ‘ಅಳಿಸಿದ್ದನ್ನು ಹೇಗಾದರೂ ತೆಗೆಯಬಹುದು’ ಎಂಬ ಹಳೆಯ ಧೈರ್ಯವನ್ನು ಬಿಡುವುದೇ ಮೇಲು.

ದಾಖಲೆ ಕೆಡುವುದಕ್ಕೆ ನಮ್ಮ ಕಡೆ ಇರುವ ಮುಖ್ಯ ಕಾರಣ ಹೇಳಬೇಕಾಗಿಲ್ಲ: ಬರೆಯುತ್ತಿರುವಾಗಲೇ ಕರೆಂಟು ಹೋಗುವುದು. ಎನ್‌ಟಿಎಫ್‌ಎಸ್ ಈ ಅಪಾಯವನ್ನು ಮೊದಲೇ ಎಣಿಸಿ, ದಾಖಲೆಯಲ್ಲಿ ಮಾಡಲಿರುವ ಪ್ರತಿಯೊಂದು ಬದಲಾವಣೆಯನ್ನೂ ಮುಂಚಿತವಾಗಿ ಒಂದು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ದಿನಚರಿಯನ್ನು ನೋಡಿ, ಅರ್ಧಕ್ಕೆ ನಿಂತುದನ್ನು ಪೂರೈಸುತ್ತದೆ ಅಥವಾ ರದ್ದುಮಾಡುತ್ತದೆ. ಆದರೆ ಈ ದಿನಚರಿ ಪಹಣಿಗೆ ಮಾತ್ರ, ಪೈರಿಗಲ್ಲ. ನೀವು ಉಳಿಸದೆ ಬಿಟ್ಟ ಪುಟಗಳನ್ನು ಅದು ಕಾಯುವುದಿಲ್ಲ. ಪೆನ್ ಡ್ರೈವಿನ ಸರಳ ಪದ್ಧತಿಗಳಲ್ಲಿ ಈ ದಿನಚರಿಯೂ ಇಲ್ಲ. ದೀಪ ಮಿನುಗುತ್ತಿರುವಾಗಲೇ ಅದನ್ನು ಕಿತ್ತುಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಬೇಕು.

ದಾಖಲೆಯನ್ನು ಪರೀಕ್ಷಿಸುವ ಅಪ್ಪಣೆಯೇ ಚೆಕ್‌ಡಿಸ್ಕ್. ಬರೆಯಬೇಕಾದ ಅಕ್ಷರಗಳು ಸಿ, ಎಚ್, ಕೆ, ಡಿ, ಎಸ್, ಕೆ. ಅದರ ಮುಂದೆ ಒಂದು ತೆರಪು ಬಿಟ್ಟು ಡ್ರೈವಿನ ಅಕ್ಷರವನ್ನೂ ಎರಡು ಚುಕ್ಕೆಯ ಕೋಲನ್ನನ್ನೂ ಕೊಡಬೇಕು. ಇಷ್ಟನ್ನೇ ಕೊಟ್ಟರೆ ಅದು ನೋಡಿ ಹೇಳುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ವಿಂಡೋಸ್ ನಡೆಯುತ್ತಿರುವ ಸಿ ಡ್ರೈವಿನಲ್ಲಿ ಹೀಗೆ ನೋಡುವಾಗ, ಪಹಣಿಯಲ್ಲಿ ಇನ್ನೊಬ್ಬರು ಬರೆಯುತ್ತಿರುವಾಗಲೇ ಹಣಿಕಿ ನೋಡಿದಂತಾಗಿ, ಇಲ್ಲದ ದೋಷಗಳೂ ಕೆಲವೊಮ್ಮೆ ಕಾಣಿಸಬಹುದು. ಅಷ್ಟಕ್ಕೇ ಗಾಬರಿಯಾಗಬೇಕಾಗಿಲ್ಲ. ಓರೆಗೆರೆ ಹಾಕಿ ‘ಸ್ಕ್ಯಾನ್’ ಎಂಬ ಪದವನ್ನು ಸೇರಿಸಿದರೆ, ಎನ್‌ಟಿಎಫ್‌ಎಸ್ ಡ್ರೈವನ್ನು ಕೆಲಸ ನಿಲ್ಲಿಸದೆಯೇ ಸರಿಯಾಗಿ ಪರೀಕ್ಷಿಸುತ್ತದೆ. ವಿದ್ಯಾರ್ಥಿಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಓರೆಗೆರೆಯ ಮುಂದೆ ಎಫ್ ಎಂಬ ಅಕ್ಷರ ಕೊಟ್ಟರೆ ಅದು ತಿದ್ದುವುದಕ್ಕೂ ತೊಡಗುತ್ತದೆ. ಇಲ್ಲಿ ನಡೆಯುವುದು ಕಚೇರಿಯೊಳಗಿನ ತನಿಖೆ: ಒಂದು ದಾಖಲೆಯನ್ನು ಇನ್ನೊಂದು ದಾಖಲೆಯೊಡನೆ ತಾಳೆ ನೋಡುವುದು. ಪಹಣಿಯನ್ನೂ ಆಕಾರಬಂದನ್ನೂ ಪಕ್ಕ ಪಕ್ಕ ಇಟ್ಟುಕೊಂಡಂತೆ. ಆರ್ ಎಂಬ ಅಕ್ಷರ ಕೊಟ್ಟರೆ, ಈ ತನಿಖೆಯೂ ನಡೆದು, ಆಮೇಲೆ ಮೋಜಣಿದಾರನು ಸರಪಳಿ ಹಿಡಿದು ಪ್ರತಿಯೊಂದು ಹೊಲಕ್ಕೂ ಇಳಿಯುತ್ತಾನೆ. ಡ್ರೈವಿನ ಒಂದೊಂದು ಅಂಕಣವನ್ನೂ ಓದಿ ನೋಡಿ, ಓದಲು ಬಾರದವುಗಳಿಗೆ ‘ಬಳಸಕೂಡದು’ ಎಂದು ಗುರುತು ಹಾಕುತ್ತಾನೆ. ಇದಕ್ಕೆ ಹಿಡಿಯುವ ಕಾಲವನ್ನು ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ೧೦೦ ಮೆಗಾಬೈಟಿನಂತೆ ಓದಬಲ್ಲ ಡಿಸ್ಕು ೧ ಟೆರಾಬೈಟನ್ನು ಓದಲು ೧೦,೦೦೦ ಸೆಕೆಂಡು, ಎಂದರೆ ಸುಮಾರು ಎರಡು ಮುಕ್ಕಾಲು ಗಂಟೆ ಬೇಕು. ಇದು ಯಾವ ತೊಡಕೂ ಇಲ್ಲದಿದ್ದರೆ. ಅಂಕಣಗಳು ಕೆಟ್ಟಿದ್ದರೆ ಒಂದೊಂದರ ಬಳಿಯೂ ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುತ್ತ ನಿಲ್ಲುವುದರಿಂದ ಇಡೀ ರಾತ್ರಿಯೂ ಸಾಲದೆ ಹೋಗಬಹುದು.

ಸಿ ಡ್ರೈವನ್ನು ತಿದ್ದಲು ಹೇಳಿದಾಗ, ಡ್ರೈವು ಬಳಕೆಯಲ್ಲಿದೆ, ಮುಂದಿನ ಸಾರಿ ಯಂತ್ರ ಎದ್ದೇಳುವಾಗ ಪರೀಕ್ಷಿಸಲೇ ಎಂದು ಪ್ರಶ್ನೆ ಬರುತ್ತದೆ. ವೈ ಅಕ್ಷರ ಒತ್ತಿ ಒಪ್ಪಬೇಕು. ಆ ಬಳಿಕ ಶಟ್‌ಡೌನ್ ಮಾಡದೆ ರೀಸ್ಟಾರ್ಟನ್ನೇ ಆರಿಸಬೇಕು. ೨೦೧೨ರ ವಿಂಡೋಸ್ ೮ರಿಂದ ಈಚೆಗೆ ಬಂದಿರುವ ಶೀಘ್ರಾರಂಭದ ಏರ್ಪಾಡಿನಲ್ಲಿ ಶಟ್‌ಡೌನ್ ಎಂಬುದು ಪೂರ್ತಿ ನಿದ್ರೆಯಲ್ಲ, ಒಂದು ಬಗೆಯ ಜೋಂಪು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತದೆ.

ಇಷ್ಟು ಓದಿದವರಿಗೆ, ಡ್ರೈವು ತೊಂದರೆ ಕೊಟ್ಟ ಕೂಡಲೇ ಚೆಕ್‌ಡಿಸ್ಕಿಗೆ ಆರ್ ಸೇರಿಸಿ ಓಡಿಸಿಬಿಟ್ಟರೆ ಸರಿಯಲ್ಲವೆ ಎಂದು ತೋರಬಹುದು. ಅತ್ಯಂತ ಹೆಚ್ಚಿನ ಅನರ್ಥ ಆಗುವುದು ಇಲ್ಲಿಯೇ. ನಮ್ಮ ಕಾಲೇಜಿನ ಕನ್ನಡ ಐಚ್ಛಿಕದ ವಿದ್ಯಾರ್ಥಿನಿಯೊಬ್ಬರು ತಮ್ಮ ಊರಿನ ಮುದುಕಿಯರಿಂದ ಬೀಸುವ ಪದಗಳನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡಿದ್ದರು. ಹೊರಗೆ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ ಅವೆಲ್ಲ ಇದ್ದುವು. ಡಿಸ್ಕು ಮೇಜಿನಿಂದ ಬಿದ್ದಿತು. ಜೋಡಿಸಿದರೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಕಡತಗಳ ಹೆಸರು ಕಾಣುತ್ತಿದ್ದುವು, ಕೆಲವು ತೆರೆಯುತ್ತಲೂ ಇದ್ದುವು. ಅದನ್ನು ಒಯ್ದುದು ಪೇಟೆಯ ಒಂದು ಅಂಗಡಿಗೆ. ಅಂಗಡಿಯಾತನು ಸದುದ್ದೇಶದಿಂದಲೇ ಚೆಕ್‌ಡಿಸ್ಕನ್ನು ಆರ್ ಸಹಿತ ಓಡಲು ಬಿಟ್ಟು ರಾತ್ರಿ ಬಾಗಿಲು ಹಾಕಿಕೊಂಡು ಹೋದನು. ಬೆಳಿಗ್ಗೆ ಬಂದು ನೋಡುವ ವೇಳೆಗೆ ಡಿಸ್ಕು ಯಂತ್ರಕ್ಕೆ ಕಾಣಿಸುತ್ತಲೇ ಇರಲಿಲ್ಲ. ಹಾಡಿದವರಲ್ಲಿ ಒಬ್ಬಾಕೆ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಆಕೆಯ ಪದಗಳ ಪೈಕಿ, ಹಿಂದೆ ಯಾವಾಗಲೋ ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಎರಡು ಮಾತ್ರ ಉಳಿದುವು.

ಹೀಗಾಗಲು ಕಾರಣವಿದೆ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತಿರುವಾಗ, ಓದುವ ಶಿರವು ಅದರಿಂದ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ಪೆಟ್ಟು ತಿಂದ ಶಿರವು ತಟ್ಟೆಯನ್ನು ತಾಕುತ್ತಿದ್ದರೆ, ಪ್ರತಿ ಸುತ್ತೂ ಒಂದು ಗೀರು. ಅಂಥ ಡಿಸ್ಕಿನ ಆಯುಷ್ಯದಲ್ಲಿ ಇನ್ನು ಕೆಲವು ಗಂಟೆಗಳು ಮಾತ್ರ ಉಳಿದಿರಬಹುದು. ಆ ಗಂಟೆಗಳನ್ನು ಹಾಡುಗಳನ್ನು ಹೊರತರಲು ಬಳಸಬೇಕೇ ಹೊರತು, ಬರಿದಾದ ಹೊಲಗಳನ್ನೂ ಸೇರಿಸಿ ಎಲ್ಲ ಹೊಲಗಳನ್ನೂ ಅಳೆಯಲು ಅಲ್ಲ. ಮೇಲಾಗಿ ಚೆಕ್‌ಡಿಸ್ಕಿನ ನಿಷ್ಠೆ ದಾಖಲೆಯ ಸುಸಂಗತಿಗೆ; ನಿಮ್ಮ ಕಡತಗಳಿಗಲ್ಲ. ತಾಳೆಯಾಗದ ತುಂಡುಗಳನ್ನು ಅದು ಕತ್ತರಿಸಿ, ‘ಫೌಂಡ್’ ಎಂದು ಮೊದಲಾಗುವ ಹೆಸರಿನ ಒಂದು ಫೋಲ್ಡರಿನಲ್ಲಿ ಅಂಕೆಗಳ ಹೆಸರು ಕೊಟ್ಟು ಪೇರಿಸಿಬಿಡುತ್ತದೆ. ಆದುದರಿಂದ ಸದ್ದು ಮಾಡುವ, ಬಿದ್ದಿರುವ, ಇದ್ದಕ್ಕಿದ್ದಂತೆ ನಿಧಾನವಾಗಿರುವ ಡ್ರೈವಿನಲ್ಲಿ ಮೊದಲು ಪ್ರತಿ, ಆಮೇಲೆ ಚಿಕಿತ್ಸೆ. ಅಮೂಲ್ಯವಾದುದು ಅದರಲ್ಲಿದ್ದು ಸದ್ದೂ ಬರುತ್ತಿದ್ದರೆ, ಯಂತ್ರದಿಂದ ಬೇರ್ಪಡಿಸಿ, ಡೇಟಾ ರಿಕವರಿಯನ್ನೇ ಕಸುಬಾಗಿ ಉಳ್ಳವರಲ್ಲಿಗೆ ಒಯ್ಯುವುದೇ ಸರಿ. ಖರ್ಚು ಹೆಚ್ಚು, ನಿಜ.

ಸದ್ದಿಲ್ಲದ, ಆದರೆ ಸಂಶಯಾಸ್ಪದವಾದ ಡ್ರೈವಿನಿಂದ ಪ್ರತಿ ತೆಗೆಯಲು ರೋಬೋಕಾಪಿ ಎಂಬ ಅಪ್ಪಣೆ ಬಹಳ ಉಪಯುಕ್ತ: ಆರ್, ಒ, ಬಿ, ಒ, ಸಿ, ಒ, ಪಿ, ವೈ. ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ, ಆಮೇಲೆ ಓರೆಗೆರೆ ಇ. ಇ ಎಂದರೆ ಒಳಗಿನ ಎಲ್ಲ ಫೋಲ್ಡರುಗಳೂ ಸೇರಿ. ಒಂದು ಎಚ್ಚರಿಕೆ ಅವಶ್ಯ. ಪ್ರತಿಯಾಗದ ಕಡತವನ್ನು ಅದು ಹೇಳದೆ ಬಿಡುವುದಿಲ್ಲ. ನಾವು ಬೇರೆ ಸೂಚನೆ ಕೊಡದಿದ್ದರೆ ೩೦ ಸೆಕೆಂಡಿಗೊಮ್ಮೆ ೧೦ ಲಕ್ಷ ಸಲ ಪ್ರಯತ್ನಿಸುತ್ತದೆ. ಗುಣಿಸಿ ನೋಡಿದರೆ ೩೪೭ ದಿನಗಳಾಗುತ್ತವೆ, ಅದೂ ಒಂದೇ ಕಡತಕ್ಕೆ! ವಿಕ್ರಮನ ಛಲವೂ ಇದರ ಮುಂದೆ ಸಣ್ಣದು. ಓರೆಗೆರೆ, ಆರ್, ಕೋಲನ್, ಒಂದು. ಮತ್ತೆ ಓರೆಗೆರೆ, ಡಬ್ಲ್ಯು, ಕೋಲನ್, ಒಂದು: ಇವೆರಡನ್ನು ಸೇರಿಸಿದರೆ ಒಂದೇ ಬಾರಿ ಮರುಪ್ರಯತ್ನ ಮಾಡಿ, ಒಂದೇ ಸೆಕೆಂಡು ಕಾದು, ಮುಂದಕ್ಕೆ ನಡೆಯುತ್ತದೆ. ಇದೇ ಅಪ್ಪಣೆಗೆ ಎಂ, ಐ, ಆರ್ ಎಂಬ ವಿಶೇಷಣವೊಂದುಂಟು. ಅದು ಎರಡು ಕಡೆಯನ್ನೂ ಕನ್ನಡಿಯಂತೆ ಒಂದೇ ಮಾಡುತ್ತದೆ. ಎಂದರೆ ಮೂಲದಲ್ಲಿ ಇಲ್ಲದುದನ್ನು ಪ್ರತಿಯಿಂದಲೂ ಅಳಿಸುತ್ತದೆ. ‘ಎಲ್ಲಿಂದ’, ‘ಎಲ್ಲಿಗೆ’ ಅದಲುಬದಲಾದರೆ ಖಾಲಿ ಡ್ರೈವಿನ ಪ್ರತಿಬಿಂಬವಾಗಿ ತುಂಬಿದ ಡ್ರೈವೂ ಖಾಲಿಯಾಗುತ್ತದೆ. ಚೆನ್ನಾಗಿ ಅಭ್ಯಾಸವಾಗುವ ತನಕ ಅದರ ಗೊಡವೆ ಬೇಡ.

ಇನ್ನು ಸೈಬರ್ ಸೆಂಟರು ಮತ್ತು ಜೆರಾಕ್ಸ್ ಅಂಗಡಿಗಳಿಂದ ನಮ್ಮ ಪೆನ್ ಡ್ರೈವುಗಳಿಗೆ ಹತ್ತಿಕೊಳ್ಳುವ ಪಿಡುಗು. ಡ್ರೈವನ್ನು ತೆರೆದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿರುತ್ತವೆ, ಅಥವಾ ಡ್ರೈವು ಖಾಲಿಯಾಗಿ ಕಾಣುತ್ತದೆ. ಆದರೆ ಜಾಗ ಮಾತ್ರ ತುಂಬಿದೆಯೆಂದು ತೋರಿಸುತ್ತದೆ. ಪರೀಕ್ಷೆಯ ಕಾಲದಲ್ಲಿ ಇದನ್ನು ಕಂಡು ಫಾರ್ಮ್ಯಾಟ್ ಮಾಡಿ ಅತ್ತವರುಂಟು. ಅಳಬೇಕಾಗಿಲ್ಲ, ಫಾರ್ಮ್ಯಾಟ್ ಅಂತೂ ಮಾಡಲೇಕೂಡದು. ಈ ಬಗೆಯ ವೈರಸ್ಸು ಸಾಮಾನ್ಯವಾಗಿ ಕಡತಗಳನ್ನು ಅಳಿಸುವುದಿಲ್ಲ. ಅವಕ್ಕೆ ‘ಮರೆ’ ಮತ್ತು ‘ವ್ಯವಸ್ಥೆಯದು’ ಎಂಬ ಎರಡು ಗುಣಗಳನ್ನು ಅಂಟಿಸಿ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಅವುಗಳ ಸ್ಥಾನದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ಟುಗಳನ್ನು ಇಟ್ಟು, ನಾವು ಒತ್ತುವುದನ್ನೇ ಕಾಯುತ್ತದೆ. ಒತ್ತಿದರೆ ಆ ಯಂತ್ರಕ್ಕೂ ಹತ್ತಿತು.

ಮೊದಲು ವಿಂಡೋಸಿನಲ್ಲಿಯೇ ಇರುವ ಡಿಫೆಂಡರಿನಿಂದ ಡ್ರೈವನ್ನು ಶೋಧಿಸಿ ವೈರಸ್ಸನ್ನು ತೆಗೆಯಬೇಕು. ಆಮೇಲೆ ಕಪ್ಪು ಕಿಟಕಿಯಲ್ಲಿ ಡ್ರೈವಿನ ಅಕ್ಷರವನ್ನೂ ಕೋಲನ್ನನ್ನೂ ಕೊಟ್ಟು ಅದರೊಳಕ್ಕೆ ಹೋಗಬೇಕು. ಡಿ, ಐ, ಆರ್ ಎಂದು ಬರೆದು, ತೆರಪು ಬಿಟ್ಟು, ಓರೆಗೆರೆ ಎ ಎಂದರೆ ಮರೆಯಾದುವೂ ಸೇರಿ ಎಲ್ಲವೂ ಪಟ್ಟಿಯಾಗಿ ಕಾಣುತ್ತವೆ. ಹೋದ ಜೀವ ಬಂದಂತಾಗುವುದು ಇಲ್ಲಿ. ಬಳಿಕ ಆಟ್ರಿಬ್, ಎಂದರೆ ಎ, ಟಿ, ಟಿ, ಆರ್, ಐ, ಬಿ. ಮುಂದೆ ಕಳೆಯುವ ಚಿಹ್ನೆಯೊಡನೆ ಎಚ್, ಮತ್ತೆ ಕಳೆಯುವ ಚಿಹ್ನೆಯೊಡನೆ ಎಸ್, ಆಮೇಲೆ ನಕ್ಷತ್ರ, ಚುಕ್ಕೆ, ನಕ್ಷತ್ರ, ಕೊನೆಗೆ ಓರೆಗೆರೆ ಎಸ್, ಓರೆಗೆರೆ ಡಿ. ಒಂದೊಂದು ಭಾಗದ ನಡುವೆಯೂ ತೆರಪಿರಬೇಕು. ಎಚ್ ಮತ್ತು ಎಸ್ ಗುಣಗಳನ್ನು ಒಟ್ಟಿಗೇ ಕಳೆಯಬೇಕೆಂಬುದು ಗಮನಾರ್ಹ. ಒಂದಿದ್ದಾಗ ಇನ್ನೊಂದನ್ನು ಮಾತ್ರ ಕಳೆಯಲು ಹೋದರೆ ಅದು ಒಪ್ಪುವುದಿಲ್ಲ. ಕೊನೆಯ ಡಿ ಇಲ್ಲದಿದ್ದರೆ ಫೋಲ್ಡರುಗಳು ಮರೆಯಲ್ಲಿಯೇ ಉಳಿಯುತ್ತವೆ. ಕೆಲವು ವೈರಸ್ಸುಗಳು ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರಿನೊಳಗೆ ತುರುಕುತ್ತವೆ. ಅದೂ ಈಗ ಹೊರಗೆ ಬರುತ್ತದೆ. ಉಳಿದ ಶಾರ್ಟ್‌ಕಟ್ಟುಗಳನ್ನು ಅಳಿಸಿಹಾಕಿದರೆ ಆಯಿತು.

ಎಸ್‌ಎಸ್‌ಡಿ ಉಳ್ಳವರು ಹಳೆಯ ಡಿಫ್ರಾಗಿನ ಅಭ್ಯಾಸವನ್ನು ಬಿಡಬೇಕು. ಚದುರಿದ ತುಂಡುಗಳನ್ನು ಒಂದೆಡೆ ಸೇರಿಸುವುದರಿಂದ ಲಾಭವಾಗುತ್ತಿದ್ದುದು ಶಿರವು ಓಡಾಡಬೇಕಾದ ತಟ್ಟೆಗಳಲ್ಲಿ. ಶಿರವೇ ಇಲ್ಲದ ಕಡೆ ಓಡಾಟದ ಉಳಿತಾಯವೆಲ್ಲಿ? ವಿಂಡೋಸ್ ತಾನಾಗಿಯೇ ವಾರಕ್ಕೊಮ್ಮೆ ಡ್ರೈವಿನ ಜಾತಿಯನ್ನು ನೋಡಿ ತಕ್ಕ ಕೆಲಸ ಮಾಡಿಕೊಳ್ಳುವುದರಿಂದ ನಾವು ಕೈಹಾಕಬೇಕಾದುದು ಕಡಮೆ. ಎಸ್‌ಎಸ್‌ಡಿಯಲ್ಲಿ ಅಕ್ಷರಗಳು ವಿದ್ಯುದಂಶಗಳ ರೂಪದಲ್ಲಿ ನಿಂತಿರುವುದರಿಂದ, ವರ್ಷಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿಟ್ಟರೆ ಅವು ಮೆಲ್ಲನೆ ಸೋರಿಹೋಗುವ ಸಂಭವವುಂಟು. ಇಲಾಖೆಯ ಹಳೆಯ ದಾಖಲೆಗಳನ್ನು ಅದರಲ್ಲಿ ತುಂಬಿ ಬೀಗ ಹಾಕುವುದು ಜಾಣತನವಲ್ಲ. ಡ್ರೈವಿನ ಸ್ವಂತ ಆರೋಗ್ಯದ ವರದಿ ಬೇಕಾದರೆ, ಹಳೆಯ ಪುಸ್ತಕಗಳು ಹೇಳುವ ಡಬ್ಲ್ಯುಎಂಐಸಿ ಅಪ್ಪಣೆಯನ್ನು ಹೊಸ ವಿಂಡೋಸ್ ೧೧ ಕೈಬಿಡುತ್ತ ಬಂದಿರುವುದರಿಂದ, ಪಕ್ಕದ ಮನೆಯವನಾದ ಪವರ್‌ಶೆಲ್ಲಿನಲ್ಲಿ ‘ಗೆಟ್-ಫಿಸಿಕಲ್‌ಡಿಸ್ಕ್’ ಎಂದು ಕೇಳಬೇಕು. ‘ಹೆಲ್ದಿ’ ಎಂದು ಬಂದರೂ ಅದು ಆ ದಿನದ ಮಾತು.

ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವು ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಇರುತ್ತದೆ, ಎಷ್ಟೋ ಸಲ ಒಡೆಯನಿಗೆ ತಿಳಿಯದೆಯೇ. ರಿಪೇರಿಯ ವೇಳೆ ಅದು ೪೮ ಅಂಕೆಗಳ ಒಂದು ಕೀಲಿಯನ್ನು ಕೇಳಬಹುದು. ಯಂತ್ರ ಸರಿಯಿರುವಾಗಲೇ ಆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಡಿಸ್ಕ್‌ಪಾರ್ಟ್ ಎಂಬ ಅಪ್ಪಣೆಯ ಬಗ್ಗೆ ಒಂದೇ ಮಾತು: ಅದರೊಳಗೆ ‘ಕ್ಲೀನ್’ ಎಂದರೆ ಶುಚಿಮಾಡುವುದೆಂದಲ್ಲ, ಆಯ್ದ ಡಿಸ್ಕಿನ ವಿಭಾಗಗಳನ್ನೆಲ್ಲ, ಮರಳಿ ಕೇಳದೆ, ಕಿತ್ತುಹಾಕುವುದು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಒಂದು ವಿಷಯವನ್ನು ಹೇಳಿ ಮುಗಿಸುತ್ತೇನೆ. ಹಳೆಯ ಕಪ್ಪು ಕಿಟಕಿಯಲ್ಲಿ ಕನ್ನಡದ ಹೆಸರುಗಳು ಖಾಲಿ ಚೌಕಗಳಾಗಿ ಕಾಣುತ್ತವೆ. ಇದು ಕಿಟಕಿಯ ಅಕ್ಷರದಾರಿದ್ರ್ಯ. ಡ್ರೈವಿನಲ್ಲಿ ಹೆಸರು ನೆಟ್ಟಗೆಯೇ ಇದೆ. ಟ್ಯಾಬ್ ಕೀಲಿಯನ್ನು ಒತ್ತುತ್ತ ಹೋದರೆ ಹೆಸರುಗಳು ಒಂದೊಂದಾಗಿ ತಾವೇ ತುಂಬಿಕೊಳ್ಳುವುದರಿಂದ ಕೆಲಸ ನಿಲ್ಲುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಗೂಢವಾದುದು. ವಿಂಡೋಸಿನ ಹಳೆಯ ನಿಯಮದಂತೆ ಫೋಲ್ಡರುಗಳ ಹಾದಿಯೂ ಸೇರಿ ಒಂದು ಹೆಸರು ೨೬೦ ಅಕ್ಷರಗಳನ್ನು ಮೀರಕೂಡದು. ಗಣಕದ ಎಣಿಕೆಯಲ್ಲಿ ‘ಸ್ತ್ರೀ’ ಎಂಬುದು ಒಂದು ಅಕ್ಷರವಲ್ಲ, ಆರು: ಸ, ತ, ರ ಎಂಬ ಮೂರು ಅಕ್ಷರಗಳು, ನಡುವಿನ ಎರಡು ಅರ್ಧಚಿಹ್ನೆಗಳು, ಮೇಲೊಂದು ದೀರ್ಘ. ಆದುದರಿಂದ ಒತ್ತಕ್ಷರಗಳ ಉದ್ದವಾದ ಹೆಸರನ್ನು ಫೋಲ್ಡರಿನೊಳಗೆ ಫೋಲ್ಡರಾಗಿ ಇಟ್ಟುಕೊಂಡು ಹೋದವರ ಕಡತಗಳು, ಬೇರೆ ಡ್ರೈವಿಗೆ ಸಾಗಿಸುವ ದಿನ ಅರ್ಧದಲ್ಲಿ ನಿಂತುಬಿಡುತ್ತವೆ. ರೋಬೋಕಾಪಿಗೆ ಈ ಮಿತಿಯಿಲ್ಲ. ಎಳೆದು ಬಿಟ್ಟರೆ ಹೋಗದ ಕಡತಗಳು ಅದರ ಮೂಲಕ ಹೋಗುತ್ತವೆ.